ಅಣ್ಣ ಹಾಸಿದ ನೆಲ

ಬೇಸ್ ಸದ್ದು ಪಕ್ಕೆಲುಬಿನೊಳಗೇ ಬಂದು ಕೂತಿದೆ, ಪಕ್ಕದ ಸ್ಟೇಜಿನದು, ನನ್ನ ಸ್ಟೇಜ್ ಇನ್ನೂ ಖಾಲಿ, ಕಪ್ಪು ಮ್ಯಾಟ್ ಬಿಸಿಲಿಗೆ ಮೈಯೊಡ್ಡಿ ಬಿದ್ದಿದೆ, ನಾಲ್ಕು ಪಟ್ಟಿ, ನಡುವೆ ಮೂರು ಟೇಪು, ಎಳ್ಳಷ್ಟೂ ಸುಕ್ಕಿಲ್ಲ, ಮೂರು ಸಲ ಬರಿಗಾಲಿನಲ್ಲಿ ನಡೆದು ನೋಡಿದ್ದೇನೆ, ಅಂಗಾಲು ಚುರುಗುಟ್ಟಿತು, ಚುರುಗುಟ್ಟಲಿ, ಈ ಸಲ ಬೆಳಗ್ಗೆ ಏಳಕ್ಕೇ ಉರುಳೆ ಬಿಚ್ಚಿ ಮಧ್ಯಾಹ್ನದವರೆಗೆ ಟೇಪ್ ಕೈಯಲ್ಲಿ ಹಿಡಿಯಲಿಲ್ಲ, ಸ್ಟೇಜ್ ಮ್ಯಾನೇಜರಮ್ಮ ಬಂದು ಇನ್ನೂ ಆಗಿಲ್ವೇನ್ರೀ ಅಂದರು, ಮ್ಯಾಟು ಬಿಸಿಲು ಕುಡೀಬೇಕು ಮೇಡಂ ಅಂದೆ, ನಿಮಗೇನ್ರೀ, ಮ್ಯಾಟಿಗೂ ಬಾಯಾರಿಕೆ ಅಂತೀರಿ — ನಕ್ಕರು, ನಾನೂ ನಕ್ಕೆ. ಕುಣಿಯುವವರಿಗೆ ನೆಲ ಹಾಸುವ ನಮ್ಮ ಕಸುಬಿನಲ್ಲಿ ಇರುವುದೇ ಒಂದು ನಿಯಮ, ಬಿಚ್ಚಿದ ಮ್ಯಾಟ್ ಬಿಸಿಲಿಗೆ ಎಷ್ಟು ಹಿಗ್ಗಬೇಕೋ ಅಷ್ಟು ಹಿಗ್ಗಲಿ, ಟೇಪ್ ಆಮೇಲೆ, ತಣ್ಣಗಿದ್ದಾಗಲೇ ನಾಲ್ಕೂ ಕಡೆ ಬಿಗಿದುಬಿಟ್ಟರೆ ಮಧ್ಯಾಹ್ನ ಅದಕ್ಕೆ ಜಾಗ ಸಾಲದೆ ಎಲ್ಲೋ ಒಂದು ಕಡೆ ಏಳುತ್ತದೆ, ಒಂದು ಉಬ್ಬು, ಬೆರಳಷ್ಟು ಎತ್ತರ. ಹದಿನೆಂಟು ವರ್ಷದಿಂದ ಕೈಕೆಳಗಿನವರಿಗೆಲ್ಲ ಇದನ್ನೇ ಬಾಯಿಪಾಠ ಮಾಡಿಸಿದ್ದೇನೆ, ದೊಡ್ಡ ಮನುಷ್ಯ ನಾನು.

ಹುಲ್ಲಿನ ಮೇಲೆ ಜನ ಆಗಲೇ ಸೇರುತ್ತಿದ್ದಾರೆ, ಚಪ್ಪಲಿ ಬಿಟ್ಟವರು, ಒಂದೇ ಛತ್ರಿಯಡಿ ಐದು ತಲೆ, ಯಾರೋ ಪೈಪಿನಿಂದ ನೀರು ಚಿಮ್ಮಿಸುತ್ತಿದ್ದಾರೆ, ಹೋ ಎನ್ನುತ್ತಿದ್ದಾರೆ, ನರೆತ ಹೆಂಗಸೊಬ್ಬಳು ಪಕ್ಕದ ಸ್ಟೇಜಿನ ಬೀಟಿಗೆ ಇಲ್ಲೇ ಒಬ್ಬಳೇ ಕುಣಿಯುತ್ತಿದ್ದಾಳೆ, ಯಾರ ಹಂಗೂ ಇಲ್ಲ, ಇದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಅದೇ ನಾಚಿಕೆ, ಇಷ್ಟಾದ ಮೇಲೂ ಈ ಸಂತೋಷ ಸತ್ತಿಲ್ಲವಲ್ಲ. ನನ್ನ ತಮ್ಮ ಪರದೆಯ ಮರೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು ತನ್ನ ತಂಡದ ಹುಡುಗಿಯರಿಗೆ ಏನೋ ಹೇಳುತ್ತಿದ್ದಾನೆ, ಕೈಗಳು ಕುಣಿಯುತ್ತಿವೆ, ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ, ಕೈಗಳಿವೆ. ಬುಗುರಿ ಅಂತಲೇ ಎಲ್ಲರೂ ಕರೆಯುವುದು, ಈಗಲೂ, ಮೊದಮೊದಲು ಯಾರಾದರೂ ಹಾಗೆ ಕರೆದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು, ಅವನೇ ಹೇಳಿದ, ಅಮ್ಮಾ, ಬುಗುರಿ ನಿಂತ್ರೂ ಬುಗುರೀನೇ ಅಲ್ವಾ. ಇವತ್ತು ಅವನ ತಂಡ ಕುಣಿಯುವ ಮುಂಚೆ ಎರಡು ನಿಮಿಷ ಅವನು ಮಾತಾಡಬೇಕಂತೆ, ಅವನು ಮೈಕ್ ಹಿಡಿಯುವ ಮುಂಚೆ ನಾನು ಹೇಳಿಬಿಡಬೇಕು, ಹಾಗಂತ ನಿನ್ನೆಯೇ ತೀರ್ಮಾನಿಸಿದ್ದೇನೆ, ಹೋದ ತಿಂಗಳೂ ತೀರ್ಮಾನಿಸಿದ್ದೆ, ಆಸ್ಪತ್ರೆಯಲ್ಲೂ. ಬೆಳಗ್ಗೆ ವ್ಯಾನಿನಲ್ಲಿ ನಿಜವಾಗಿಯೂ ಬಾಯಿ ತೆರೆದೆ, ನೋಡೋ, ಆವತ್ತು ನೆಲ — ಅಷ್ಟರಲ್ಲಿ ಅವನು, ಅಣ್ಣಾ, ಈ ಹಾಡು ಜೋರು ಮಾಡೋ, ಮಾಡೋ ಬೇಗ, ಮಾಡಿದೆ, ನನಗೂ ಅದೇ ಬೇಕಿತ್ತು.

ಹಾಡು, ಎಲ್ಲಕ್ಕೂ ಮೂಲ ಆ ಹಾಡೇ ಅಲ್ಲವೇ, ಹೋದ ಬೇಸಿಗೆ, ಇದೇ ಬಯಲು, ಎಂಟೂವರೆಗೆ ಉರುಳೆ ಬಿಚ್ಚಿದ್ದೆ, ಕೆರೆಯ ಕಡೆಯ ಸ್ಟೇಜಿನಲ್ಲಿ ಆ ಹಾಡಿನ ಗಾಯಕಿ ಧ್ವನಿ ಪರೀಕ್ಷೆಗೆ ನಿಂತಿದ್ದಾಳೆ ಎಂದು ಯಾರೋ ಹೇಳಿದರು, ಜನವಿಲ್ಲದ ಬಯಲಿನಲ್ಲಿ ಅವಳ ದನಿ, ಬರೀ ಗಿಟಾರು, ಹನ್ನೊಂದರವರೆಗೆ ಕಾಯುತ್ತ ಕೂರುವ ತಾಳ್ಮೆ ಯಾರಿಗಿತ್ತು, ಸರಸರ ಟೇಪ್ ಎಳೆದು ನಾಲ್ಕೂ ಕಡೆ ಬಿಗಿದು ಕೈ ಒರೆಸಿಕೊಂಡು ಓಡಿದೆ, ಹುಲ್ಲಿನಲ್ಲಿ ಅಂಗಾತ ಮಲಗಿ ಮೈಯೆಲ್ಲ ಕಿವಿಯಾಗಿ ಕೇಳಿದೆ, ಅಷ್ಟು ಸುಖವಾಗಿ ಯಾವತ್ತೂ ಏನನ್ನೂ ಕೇಳಿರಲಿಲ್ಲ, ಸುಳ್ಳು ಹೇಳಲಾರೆ. ಮೂರು ಗಂಟೆಗೆ ಬಂದು ನೋಡಿದರೆ ಎರಡನೆಯ ಪಟ್ಟಿಯ ನಡುವೆ ಉಬ್ಬು. ಬೆರಳಷ್ಟು. ಟೇಪ್ ಕಿತ್ತು ಸಡಿಲಿಸಿ ಮತ್ತೆ ಹೊಡೆಯಲು ಹತ್ತು ನಿಮಿಷ ಸಾಕಿತ್ತು, ಹತ್ತು ನಿಮಿಷ ಶೋ ನಿಲ್ಸಿ ಅಂದಿದ್ದರೆ ನಿಲ್ಲಿಸುತ್ತಿದ್ದರು, ಬೈಯುತ್ತಿದ್ದರು ಅಷ್ಟೇ, ಇಷ್ಟು ವರ್ಷದ ಕಸುಬಿನವನು ಅದನ್ನೂ ಮರೆತನೇ ಎನ್ನುತ್ತಿದ್ದರು, ತಮ್ಮನ ತಂಡದ ಆರು ಜನ ಕುಣಿದರೆ ತಾನೇ ಕೂರುತ್ತದೆ ಎಂದುಕೊಂಡೆ, ಕಾಲಿನಿಂದ ಒತ್ತಿದೆ, ಕೂತಿತು, ಕಾಲೆತ್ತಿದೆ, ಎದ್ದಿತು. ತಮ್ಮ ಅತ್ತ ಕಡೆಯಿಂದ ಹುಬ್ಬು ಹಾರಿಸಿದ, ನೆಲ ಸರಿ ಇದ್ಯಾ ಅಣ್ಣ ಎಂದು, ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಎಂಥ ಕುಣಿತ ಅದು, ಆರು ಜನ ಒಂದೇ ಮೈಯಾಗಿ ಇಳಿದರು, ಬೀಟ್ ತುಂಡಾಗುವ ಕಡೆ ಇವರೂ ತುಂಡಾಗಿ ನಿಂತರು, ಜನ ಕಿರುಚಿದರು, ನಾನೂ ಕಿರುಚಿದೆ, ಉಬ್ಬು ಮರೆತೇ ಹೋಗಿತ್ತು, ಆಮೇಲೆ ಅವನು ತಲೆಯೂರಿ ತಿರುಗತೊಡಗಿದ, ಕಾಲು ಆಕಾಶಕ್ಕೆ, ಒಂಬತ್ತು, ಹತ್ತು, ಜನ ಲೆಕ್ಕ ಹಾಕುತ್ತಿದ್ದರು, ಹನ್ನೊಂದು, ಅವನು ತಿರುಗುತ್ತ ತಿರುಗುತ್ತ ಎಡಕ್ಕೆ ಸರಿಯುತ್ತಿದ್ದ, ಎರಡನೆಯ ಪಟ್ಟಿಗೆ, ಹನ್ನೆರಡು, ಟೋಪಿಯ ಅಂಚು ಅದಕ್ಕೆ ಸಿಕ್ಕಿತು, ತಲೆ ನಿಂತಿತು, ಮೈ ನಿಲ್ಲಲಿಲ್ಲ. ಜನ ಅದೂ ಕುಣಿತವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಸಂಜೆ ಆರಕ್ಕೆ ಪರಿಶೀಲನೆಗೆ ಬಂದರು, ಬಿಸಿಲು ಇಳಿದಿತ್ತು, ಮ್ಯಾಟ್ ತಣ್ಣಗಾಗಿ ತಾನೇ ಕುಗ್ಗಿ ಹಲಗೆಯಂತೆ ಮಟ್ಟಸವಾಗಿತ್ತು, ಅಧಿಕಾರಿ ಅಂಗೈಯಿಂದ ಸವರಿ ನೋಡಿ ನೆಲದ್ದೇನೂ ತೊಂದ್ರೆ ಇಲ್ಲ ಬಿಡಿ ಅಂದರು, ನಾನು ತಲೆಯಾಡಿಸಿದೆ, ಆವತ್ತು ಬಾಯಿಗೆ ಬಿದ್ದ ಬೀಗ ಇದು. ಅವನಿಗೆ ಏನೂ ನೆನಪಿಲ್ಲ, ಹತ್ತನೆಯ ಸುತ್ತಿನವರೆಗೆ ಮಾತ್ರ ನೆನಪು, ಕತ್ತು ಬಿಗಿ ಹಿಡ್ಕೊಂಡಿದ್ನೋ ಏನೋ ಅಣ್ಣ, ನಂದೇ ತಪ್ಪಿರ್ಬೇಕು, ಅಲ್ವಾ? ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು. ಅಮ್ಮ ಅವನ ಮೈ ಒರೆಸುವಾಗ ಗೊಣಗುತ್ತಾಳೆ, ಬೇಡ ಬೇಡ ಅಂದ್ರೂ ತಲೆ ಕೆಳಗೆ ಮಾಡಿದೆ, ನಿನ್ ಹಟ ನಿನ್ನ ತಿಂತು, ನಾನು ಬಕೆಟ್ ಹಿಡಿದು ನಿಂತಿರುತ್ತೇನೆ.

ಈಗ ಹೇಳು, ಈಗಲೇ, ಗಾಲಿ ಉರುಳುತ್ತಿದೆ, ಏ ಬುಗುರಿ ಎಂದು ಬಗ್ಗಿದೆ, ಅವನ ಕಿವಿಯ ಹತ್ತಿರ ಬೆವರಿನ ವಾಸನೆ, ಏನಣ್ಣ, ಏನಿಲ್ಲ, ಟೋಪಿ ಸರಿ ಮಾಡ್ಕೊ, ಅವನು ನಕ್ಕ, ಹೋದ, ನನ್ನ ಮ್ಯಾಟಿನ ಮೇಲೆ ಗಾಲಿಗಳು ಸದ್ದಿಲ್ಲದೆ ಹೋದವು, ಬಯಲೆಲ್ಲ ಬುಗುರಿ ಬುಗುರಿ ಎಂದು ಕೂಗಿತು. ಮೈಕಿನಲ್ಲಿ ಅವನ ದನಿ ನನಗಿಂತ ದೊಡ್ಡವನದು ಅನ್ನಿಸುತ್ತದೆ. ಎಲ್ರೂ ಕೇಳ್ತಾರೆ, ನೆಲ ಸರಿ ಇರ್ಲಿಲ್ವಾ ಅಂತ, ಬೇರೆ ಯಾರೋ ಹಾಸಿದ್ರೆ ನಂಗೂ ಅನುಮಾನ ಬರ್ತಿತ್ತೇನೋ, ಆದ್ರೆ ಆವತ್ತು ನೆಲ ಹಾಸಿದ್ದು ನಮ್ಮಣ್ಣ, ಚಿಕ್ಕೋನಿದ್ದಾಗಿಂದ ನಾನು ಕುಣಿದಿದ್ದೆಲ್ಲ ಅವನು ಹಾಸಿದ್ ನೆಲದ್ ಮೇಲೇನೇ, ತಪ್ಪಿದ್ದು ನಾನು, ನೆಲ ಅಲ್ಲ, ಇವತ್ತು ನಮ್ ಹುಡುಗೀರು ಧೈರ್ಯವಾಗಿ ತಲೆ ಊರ್ತಾರೆ, ಯಾಕಂದ್ರೆ ಅಲ್ಲಿದಾನೆ ನೋಡಿ, ಅಣ್ಣಾ, ಕೈ ಎತ್ತೋ. ಇನ್ನು ಹೇಳುವಂತಿಲ್ಲ, ಇಷ್ಟು ಜನರ ಮುಂದೆ ಅವನು ನನ್ನ ಪರವಾಗಿ ಮಾತು ಕೊಟ್ಟುಬಿಟ್ಟ, ಹೇಳಿದರೆ ಅವನಿಗೆ ಕಾಲೂ ಇಲ್ಲ, ಅಣ್ಣನೂ ಇಲ್ಲ, ಎಲ್ಲರೂ ಇತ್ತ ತಿರುಗಿದ್ದಾರೆ, ಚಪ್ಪಾಳೆ, ನರೆತ ಹೆಂಗಸು ನನ್ನ ಕಡೆ ನೋಡಿ ಶಿಳ್ಳೆ ಹಾಕುತ್ತಿದ್ದಾಳೆ, ಕೈ ಎತ್ತೋ ಅಣ್ಣ, ನಾಚ್ಕೋತಾನೆ ನಮ್ಮಣ್ಣ, ಮೊದಲ ಬೀಟ್ ಬಿತ್ತು, ಹುಡುಗಿಯರು ಇಳಿದರು, ಒಬ್ಬಳು ಆಗಲೇ ತಲೆಯೂರಿದಳು, ಮ್ಯಾಟ್ ಮಟ್ಟಸವಾಗಿದೆ, ಮೂರು ಸಲ ನೋಡಿದ್ದೇನೆ, ಮಟ್ಟಸವಾಗಿದೆ, ನನ್ನ ಕೈ ಮೇಲೆದ್ದಿದೆ, ಎರಡನೆಯ ಪಟ್ಟಿಯ ನಡುವೆ — ಇಲ್ಲ — ಎರಡನೆಯ ಪಟ್ಟಿಯ ನಡುವೆ, ಒತ್ತಿದರೆ ಕೂರುತ್ತದೆ, ಕಾಲೆತ್ತಿದರೆ ಏಳುತ್ತದೆ, ಬೆರಳಷ್ಟು, ಉಬ್ಬು