ಚಂದ್ರಕ್ಕನ ಲಸಿಕೆ

ಹರಿಯಬ್ಬೆಯ ಕುರಿಗಾರ ಚಿಕ್ಕತಿಮ್ಮಪ್ಪ ಯಾರ ಮಾತನ್ನೂ ಸುಮ್ಮನೆ ನಂಬೋ ಆಸಾಮಿಯಲ್ಲ. ದೇವರ ಮೇಲೂ ಅವನಿಗೆ ಅರ್ಧ ಅನುಮಾನ. ಆದರೆ ಲಸಿಕೆ ಅಂದರೆ ಮಾತ್ರ ಕೈ ಮುಗಿದುಬಿಡೋನು. ಕರುಳುಬೇನೆ ಬಂದ ವರ್ಷ ಊರವರ ಕುರಿಗಳೆಲ್ಲ ಕಾಲು ಚಾಚಿ ಬಿದ್ದರೆ, ಮೊದಲೇ ಸೂಜಿ ಹಾಕಿಸಿದ್ದ ಇವನ ಮಂದೆ ಹಾಯಾಗಿ ಮೇಯ್ದುಕೊಂಡಿತ್ತು. ಅವತ್ತಿನಿಂದ ಹಿರಿಯೂರಿನ ದನದ ಆಸ್ಪತ್ರೆಗೆ ಐಸು ತುಂಬಿದ ಥರ್ಮಾಸು ಹಿಡಿದು ಲಸಿಕೆ ತರಲು ಹೋಗುವವರಲ್ಲಿ ಇವನೇ ಮೊದಲಿಗ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಹೆಂಡತಿ ಚಂದ್ರಕ್ಕನ ಎದೆಯಲ್ಲಿ ಗಂಟು ಕಂಡಿತು. ದುರ್ಗದ ಡಾಕ್ಟರು ನೋಡಿ, ಕ್ಯಾನ್ಸರು, ತಡ ಮಾಡದೆ ಆಪರೇಷನ್ ಮಾಡಿಸಿ ಅಂದರು. ಚಿಕ್ಕತಿಮ್ಮಪ್ಪನ ತಲೆ ಓಡಿದ್ದೇ ಬೇರೆ ಕಡೆ. ತಮ್ಮನ ಮಗಳು ರಮ್ಯಾ ಸಿರಿಗೆರೆಯಲ್ಲಿ ಓದಿ, ಈಗ ಮೈಸೂರಿನ ಲ್ಯಾಬೊಂದರಲ್ಲಿ ಸಂಶೋಧನೆಗೆ ಸೇರಿದ್ದಳು. ಯುಗಾದಿಗೆ ಬಂದಾಗ, "ಕ್ಯಾನ್ಸರ್ ಲಸಿಕೆ ಮೇಲೆ ಕೆಲಸ ಮಾಡ್ತಿದೀವಿ ದೊಡ್ಡಪ್ಪ" ಅಂದಿದ್ದಳಲ್ಲ!

"ಲೇ ಚಂದ್ರಿ, ಕೊಯ್ಸಿಕೊಳ್ಳೋದು ಯಾಕೆ? ಮನೆ ಮಗಳ ಕೈಯಾಗೇ ಲಸಿಕೆ ಐತೆ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ರಜಕ್ಕೆ ಬಂದಾಗ ಕೇಳಿದ್ರಾಯ್ತು," ಅಂದ. ಚಂದ್ರಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಡಾಕ್ಟರು ಕೊಟ್ಟ ತಾರೀಖು ಬಂತು, ಹೋಯಿತು. ಓದೋ ಹುಡುಗಿಗೆ ಯಾಕೆ ಚಿಂತೆ ಅಂತ ರಮ್ಯಾಗೆ ಕಾಯಿಲೆ ಸುದ್ದಿಯನ್ನೂ ಮುಟ್ಟಿಸಲಿಲ್ಲ ಪುಣ್ಯಾತ್ಮ.

ಮುಂಗಾರು ಹಿಡಿಯೋ ಹೊತ್ತಿಗೆ ರಮ್ಯಾ ಬಂದಳು. ಅವಳಿಗೆ ಕಾಲು ತೊಳೆಯೋಕೂ ಬಿಡದೆ ಥರ್ಮಾಸು ತಂದು ಮುಂದಿಟ್ಟ.

"ತೊಳ್ದಿಟ್ಟೀನಿ ನೋಡವ್ವ. ನೀನು ಹೋಗೋವಾಗ ನಾನೂ ಬರ್ತೀನಿ. ನಿಮ್ ದೊಡ್ಡಮ್ಮಗೆ ಒಂದು ಡೋಸು ಕೊಡ್ಸು."

ಎಲ್ಲ ಕೇಳಿ ತಿಳಿದ ಮೇಲೆ ರಮ್ಯಾ ಮುಖ ಬಿಳುಚಿಕೊಂಡಿತು. "ಅಯ್ಯೋ ದೊಡ್ಡಪ್ಪ! ನಮ್ ಲಸಿಕೆ ಇನ್ನೂ ಇಲಿ ಮೇಲೇ ಐತೆ. ಮನುಷ್ಯರಿಗೆ ಬರೋಕೆ ಎಷ್ಟು ವರ್ಷ ಹಿಡಿತದೋ, ಬರ್ತದೋ ಇಲ್ವೋ!"

ಅವನು ನಂಬಲಿಲ್ಲ. ಅವಳು ಕುರಿ ಕೂಡಿದ್ದ ರೊಪ್ಪದ ಕಡೆ ಕೈ ತೋರಿಸಿ ಕೇಳಿದಳು. "ಕೆರೆ ಹತ್ರ ನಿನ್ ಕುರಿ, ಪಕ್ಕದ್ಮನೆ ಕಾಟಯ್ಯನ ಕುರಿ ಬೆರೆತುಹೋದ್ರೆ ಹೆಂಗೆ ಬಿಡಿಸ್ತೀಯ?"

"ಬಿಡ್ಸೋದೇನು? ನಾನು ಕೂಗಿದ್ರೆ ನನ್ನವು ಬರ್ತವೆ."

"ಮೈಯಾಗೂ ಹಂಗೇ. ಕೆಮೊಕೈನ್ ಅಂತ ಐತೆ, ಅದು ಕೂಗು. ಜೀವಕೋಶದ ಮೇಲೆ ರಿಸೆಪ್ಟರ್ ಅಂತ ಐತೆ, ಅದು ಕಿವಿ. ಮೈ ಕಾಯೋ ಕೋಶಗಳು ಕೂಗು ಕೇಳೇ ರೋಗದ ಕಡೆ ಓಡ್ತವೆ. ಆದ್ರೆ ಈ ಹಾಳು ಕ್ಯಾನ್ಸರ್ ಕೋಶನೂ ಅಂಥದೇ ಕಿವಿ ಬೆಳೆಸ್ಕಂತದೆ. ಮೂಳೆಯಿಂದ, ಶ್ವಾಸಕೋಶದಿಂದ ಕೂಗು ಬಂದ್ರೆ ಎದ್ದು ಹೊರಡ್ತದೆ. ಲಸಿಕೆ ಹಾಕಿ ಮೈ ಕಾಯೋರಿಗೆ ಕಳ್ಳನ ಗುರುತು ಹೇಳ್ಕೊಡಬಹುದು. ಆದ್ರೆ ಗುರುತು ಗೊತ್ತಾದ್ರೆ ಸಾಕಾ, ಅವರು ಗಂಟಿನ ತಾವಕ್ಕೆ ಹೋಗ್ಬೇಕಲ್ಲ? ಅದಕ್ಕೆ ಯಾವ ಕಿವಿ ಬೇಕು ಅಂತ ಹುಡುಕ್ತಿದೀವಿ. ಅಲ್ಲೀವರೆಗೂ ಕ್ಯಾನ್ಸರು ಕಾಯಲ್ಲ ದೊಡ್ಡಪ್ಪ."

ಕುರಿಗಾರನಿಗೆ ಇದು ತಟ್ಟನೆ ಹೊಕ್ಕಿತು. "ಹಂಗಾರೆ... ಅದು ಇಷ್ಟೊತ್ತಿಗೆ ಎದ್ದು ಹೊರಟಿರ್ತೈತಾ?"

"ಹೊರಟಿರ್ಬಹುದು ದೊಡ್ಡಪ್ಪ," ಅಂದಳು ರಮ್ಯಾ. ಚಿಕ್ಕತಿಮ್ಮಪ್ಪ ಕುಂತಲ್ಲೇ ಕುಸಿದ. "ನನ್ ಕೈಯಾರೆ ಕೆಡಿಸ್ಕಂಡ್ನಲ್ಲೋ ಶಿವನೇ" ಅಂತ ತಲೆ ಚಚ್ಚಿಕೊಂಡು ಅತ್ತ.

ಬಾಗಿಲಲ್ಲಿ ನಿಂತಿದ್ದ ಚಂದ್ರಕ್ಕ ಗದರಿದಳು. "ಸಾಕು ಸುಮ್ಕಿರಯ್ಯ. ನಿಂದೊಬ್ಬಂದೇ ಏನು ತಪ್ಪು? ಆ ಕತ್ತರಿ ನೆನೆಸ್ಕಂಡ್ರೆ ನಂಗೂ ಜೀವ ಬಾಯಿಗೆ ಬರ್ತಿತ್ತು. ನೀನು ಲಸಿಕೆ ಅಂದೆ, ನಂಗೂ ಅದೇ ನೆಪ ಬೇಕಿತ್ತು. ಈಗ ಎದ್ದೇಳು, ಹೋಗಾಣ."

ದುರ್ಗದ ಡಾಕ್ಟರು ಈ ಸಲ ಕಂಕುಳು ಒತ್ತಿ ನೋಡಿ ಮುಖ ಸಣ್ಣದು ಮಾಡಿದರು. ಅಲ್ಲೂ ಒಂದು ಗಂಟು. ಎರಡನ್ನೂ ತೆಗೆಯುತ್ತೇವೆ, ಮೂಳೆಗೆ ಹೋದ ಗುರುತು ಕಾಣುತ್ತಿಲ್ಲ, ಆದರೆ ಈಗಲೇ ಏನೂ ಹೇಳೋಕಾಗಲ್ಲ ಅಂದರು.

ಆಪರೇಷನ್ ದಿನ ಚಂದ್ರಕ್ಕನನ್ನು ಆಸ್ಪತ್ರೆಯ ತಳ್ಳುಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಆಪರೇಷನ್ ಕೋಣೆಯ ಬಾಗಿಲವರೆಗೂ ಚಿಕ್ಕತಿಮ್ಮಪ್ಪ ಪಕ್ಕದಲ್ಲೇ ಹೆಜ್ಜೆ ಹಾಕಿದ. ಅವಳಿಗೆ ಏನಾದರೂ ಹೇಳಿ ಕಳಿಸಬೇಕು ಅನ್ನಿಸಿತು. ಕೊನೆಗೆ ಗಂಟಲಿಗೆ ಬಂದಿದ್ದು ಕೆರೆ ದಂಡೆಯಲ್ಲಿ ಕುರಿ ಕರೆಯೋ ಆ ಕೂಗೊಂದೇ.

"ಹುರ್ರ್ರ್... ಬಾ ಬಾ ಬಾ!"

ಇಡೀ ವಾರ್ಡು ತಿರುಗಿ ನೋಡಿತು. "ಏನ್ರೀ ಇದು, ಆಸ್ಪತ್ರೆನಾ ಕುರಿ ರೊಪ್ಪ ಅಂದ್ಕಂಡ್ರೋ ಏನು?" ಅಂತ ನರ್ಸಮ್ಮ ರೇಗಿದಳು.

ಗಾಡಿ ಮೇಲಿಂದ ಚಂದ್ರಕ್ಕ ಕತ್ತು ಹೊರಳಿಸಿದಳು. "ಕೇಳ್ತು ಕಣಯ್ಯ, ಬರ್ತೀನಿ," ಅಂದಳು.

ಬಾಗಿಲು ಮುಚ್ಚಿತು. ಅವಳು ಎದ್ದ ಮೇಲೆ ಕುಡಿಸೋಕೆ ರಾಗಿ ಗಂಜಿ ತುಂಬಿ ತಂದಿದ್ದ ಥರ್ಮಾಸನ್ನು ತೊಡೆ ಮೇಲಿಟ್ಟುಕೊಂಡು ಚಿಕ್ಕತಿಮ್ಮಪ್ಪ ಅಲ್ಲೇ ಕುಂತ.