ಬುದ್ಧಿ ಕಲಿಸಲು ಒಪ್ಪಿಸಿದ ಮಗ

ನಾಸಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ ಮನ್ಮಥಪ್ಪ ಪಾಳಿ ಮುಗಿಸಿ ಮನೆಗೆ ಬಂದಾಗ ಹೆಂಡತಿ ಪ್ರೇಮಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬೀದರ ಬಿಟ್ಟು ಇಲ್ಲಿಗೆ ಬಂದು ಎಷ್ಟೋ ವರ್ಷವಾದರೂ ಆ ಮನೆಯಲ್ಲಿ ಜೋಳದ ರೊಟ್ಟಿ ತಪ್ಪಿರಲಿಲ್ಲ. ಮಗಳು ಅಶ್ವಿನಿ ಕಾನೂನು ಕಾಲೇಜಿನಿಂದ ಬಂದು ಊಟಕ್ಕೆ ಕುಳಿತಿದ್ದಳು. ಮಗ ರವಿಕಾಂತನ ಪತ್ತೆಯಿರಲಿಲ್ಲ. ಡಿಪ್ಲೊಮಾ ಅರ್ಧಕ್ಕೇ ಬಿಟ್ಟು ಗೆಳೆಯರ ಬೈಕಿನ ಮೇಲೆ ತಿರುಗುವ ಹುಡುಗ. ಗದರಿದರೆ ಎದುರು ಮಾತು.

“ಪೊಲೀಸ್ ಚೌಕಿ ಹವಾಲ್ದಾರ ಯಶವಂತರಾವ್ ನನ್ನ ಪರಿಚಯದವರು. ನಾಲ್ಕು ಬಿಗೀಲಿ,” ಎಂದ ಮನ್ಮಥಪ್ಪ. “ಪೊಲೀಸರ ಲಾಠಿ ಬಿದ್ರ ಕತ್ತೆನೂ ಕುದುರಿ ಆಗ್ತದ.”

“ಬರೇ ಹೆದರಸ್ತಾರ ಹೌದಲ್ರಿ?” ಎಂದಳು ಪ್ರೇಮಾಬಾಯಿ.

ಇಂಥ ಮಾತು ನಮ್ಮ ಎಷ್ಟು ಮನೆಗಳಲ್ಲಿ ಕೇಳುವುದಿಲ್ಲ! ಕೈಮೀರಿದ ಮಗನಿಗೆ, ಅನುಮಾನ ಬಂದ ಆಳಿಗೆ ಪೊಲೀಸರಿಂದ ಎರಡು ಹಾಕಿಸುವುದು ಹಿರಿಯರ ವಿವೇಕವೆಂದೇ ನಡೆದುಬಂದಿದೆ.

ಮರುದಿನ ಸಂಜೆ ಮನ್ಮಥಪ್ಪ ತಾನೇ ಮಗನನ್ನು ಕರೆದೊಯ್ದು ಚೌಕಿಯಲ್ಲಿ ಬಿಟ್ಟುಬಂದ. ದೂರಿಲ್ಲ, ಕೇಸಿಲ್ಲ. ಮಾರನೆಯ ಮಧ್ಯಾಹ್ನ ಮರಳಿದ ಹುಡುಗನ ಎಡಗಿವಿಯಿಂದ ಇಳಿದ ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು.

“ಅವ್ವಾ, ಹೊಡೀವಾಗ ಹವಾಲ್ದಾರ ಒಂದೇ ಮಾತು ಅಂತಿದ್ದ. ‘ತುಝ್ಯಾ ಬಾಪಾನೇಚ ಸಾಂಗಿತಲಂಯ.’ ನಿಮ್ಮಪ್ಪನೇ ಹೇಳ್ಯಾನ ಅಂತ.”

ಅದೇ ವಾರ ಅವನು ಸಂಭಾಜಿನಗರಕ್ಕೆ ಹೋಗಿ ಕಾರ್ಖಾನೆಯ ಕೆಲಸಕ್ಕೆ ಸೇರಿದ. ಮತ್ತೆ ಮನೆಗೆ ಬರಲಿಲ್ಲ.

ಹಬ್ಬಗಳು ಬಂದವು, ಹೋದವು. ಪಾಳಿ ಬಿಡುವ ಹೊತ್ತಿಗೆ ಓಣಿಯಲ್ಲಿ ಬೈಕುಗಳ ಸದ್ದಾದರೆ ಪ್ರೇಮಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಯಾರದೋ ಮಕ್ಕಳು ಯಾರದೋ ಮನೆಗೆ ತಿರುಗುತ್ತಿದ್ದರು. ಒಳಗೆ ಮನ್ಮಥಪ್ಪ ನೆಂಟರ ಮುಂದೆ ಬೀಗುತ್ತಿದ್ದ: “ನೋಡ್ರಿ, ಲಾಠಿ ರುಚಿ ಹತ್ತಿದ ಮ್ಯಾಗ ಹ್ಯಾಂಗ ದುಡೀಲಕತ್ಯಾನ!”

ಕಡೆಗೊಂದು ದಿನ ತಡೆಯಲಾರದೆ ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿಕೊಂಡು ಅವಳೇ ಬಸ್ಸು ಹತ್ತಿದಳು. ಬಾಡಿಗೆ ಖೋಲಿಯಲ್ಲಿ ಮಗ ಚಾಪೆ ಹಾಸಿ ಕೂರಿಸಿದ, ಚಹಾ ಮಾಡಿ ಕೊಟ್ಟ. ಪಕ್ಕದಲ್ಲಿ ಕುಳಿತು ಅವಳು ಊರಿನ ಸುದ್ದಿಯೆಲ್ಲ ಹೇಳಿದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಾನು ಕುಳಿತಿದ್ದು ಅವನ ಎಡಕ್ಕೆ ಎಂಬುದು ಅವಳಿಗೆ ತಡವಾಗಿ ಹೊಳೆಯಿತು. ಎದ್ದು ಬಲಕ್ಕೆ ಬಂದು ಕುಳಿತಳು.

“ಮನಿಗೆ ಬಾ ಮಗಾ.”

“ಮನಿ ನೆನಪು ದಿನಾ ಆಗ್ತದವ್ವಾ. ಆದ್ರ ಅಪ್ಪಗ ಅದು ತಪ್ಪು ಅಂತ ಇವತ್ತಿಗೂ ಅನಿಸಿಲ್ಲ. ಹ್ಯಾಂಗ ಬರ್ಲಿ?”

ಅವಳು ನಾಸಿಕಕ್ಕೆ ಮರಳಿದ ದಿನ ನೆರೆಯ ಸಂಗಮನಾಥ ಮನೆಯಲ್ಲಿ ಕುಳಿತಿದ್ದ. ತನ್ನ ಮಗ ದಿಗಂತ್ ಮಾತು ಕೇಳುತ್ತಿಲ್ಲ, ಹವಾಲ್ದಾರರಿಗೆ ಒಂದು ಮಾತು ಹೇಳಬೇಕಂತೆ. ಮನ್ಮಥಪ್ಪ ಆಗಲೇ ಮೊಬೈಲು ತೆಗೆದಿದ್ದ.

“ಫೋನ್ ಹಚ್ಚಬ್ಯಾಡ್ರಿ,” ಎಂದಳು ಪ್ರೇಮಾಬಾಯಿ.

“ಅಪ್ಪಾ, ಕಾರಣ ಇಲ್ಲದ ಹಿಡಿಯೂ ಹಕ್ಕು ಪೊಲೀಸರಿಗಿಲ್ಲ. ಹೊಡಿಯೂ ಹಕ್ಕಂತೂ ಇಲ್ಲೇ ಇಲ್ಲ,” ಅಶ್ವಿನಿ ದನಿಗೂಡಿಸಿದಳು. “ಸಂವಿಧಾನನೇ ಅವರ ಕೈ ಕಟ್ಟಿಟ್ಟದ.”

“ಹೆತ್ತ ಅಪ್ಪನೇ ಒಪ್ಪಿಸಿದ ಮ್ಯಾಗ ನಡುವ ಸಂವಿಧಾನ ಎಲ್ಲಿಂದ ಬಂತು?”

“ಒಪ್ಪಿಸ್ಲಿಕ್ಕ ಅಂವ ನೀವು ಕೊಂಡು ತಂದ ಸಾಮಾನಲ್ಲ, ಅಪ್ಪಾ.”

ಪ್ರೇಮಾಬಾಯಿ ಸಂಗಮನಾಥನತ್ತ ತಿರುಗಿದಳು. “ಅಣ್ಣಾ, ನಿಮ್ಮ ಹುಡುಗ ಮಾತು ಕೇಳವಲ್ಲ ಅಂತೀರಿ. ನನ್ನ ಮಗಗ ಈಗ ಒಂದು ಕಿವೀನೇ ಕೇಳಸಂಗಿಲ್ಲ.”

ಸಂಗಮನಾಥ ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ತಾಯಿ, ಮಗಳು ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಯ ಕಚೇರಿಗೆ ದೂರು ಕೊಡಲು ಹೋದರು. ಎಲ್ಲ ಕೇಳಿದ ಮೇಲೆ ಅಧಿಕಾರಿ ಮರಾಠಿಯಲ್ಲಿ ವಿಚಾರಿಸಿದರು: “ಹುಡುಗನನ್ನು ಚೌಕಿಗೆ ತಂದು ಒಪ್ಪಿಸಿದವರು ಯಾರು? ಹೆಸರು ಹೇಳಿ.”

ಅಶ್ವಿನಿ ಬಾಯಿ ತೆರೆಯುವಷ್ಟರಲ್ಲಿ ತಾಯಿ ಅವಳ ಕೈ ಅದುಮಿದಳು. ಮದುವೆಯಾದಂದಿನಿಂದ ಆ ಹೆಸರು ಪ್ರೇಮಾಬಾಯಿಯ ಬಾಯಲ್ಲಿ ಬಂದಿರಲಿಲ್ಲ. ‘ಅವರು’, ‘ಮನಿಯವರು’ ಎನ್ನುತ್ತಲೇ ಬಾಳಿದವಳು. ತಲೆಯ ಸೆರಗು ಸರಿಪಡಿಸಿಕೊಂಡಳು.

“ಮನ್ಮಥಪ್ಪ,” ಎಂದಳು. “ನನ್ನ ಗಂಡ.”