ಹೊರಗಿನ ಚಿಲಕ

ಅನಸೂಯಮ್ಮ ಒಮ್ಮೆ ನಕ್ಕಿದ್ದಕ್ಕೆ ಅರಸೀಕೆರೆಯ ರೈಲು ಹೊಳೆನರಸೀಪುರದ ಸ್ಟೇಷನ್ನಿನಿಂದ ಹನ್ನೊಂದು ನಿಮಿಷ ತಡವಾಗಿ ಹೊರಟಿತ್ತು. ಡ್ರೈವರನೇ ಕೆಳಗಿಳಿದು ಬಂದು, ಇಷ್ಟು ಚೆಂದ ನಗುವ ತಾಯಿ ಯಾರು ಎಂದು ವಿಚಾರಿಸಿದ್ದ.

"ಸತ್ತಾಗ ಒಂಬತ್ ನಿಮಿಷ ಅಂದಿದ್ರಿ ಸಾ," ಎಂದ ಪಕ್ಕದ ಮನೆಯ ತಿಮ್ಮಪ್ಪ.

"ವರ್ಷಕ್ಕೆ ಎರಡು ನಿಮಿಷ ಬೆಳೀಬಾರದೇನಯ್ಯ?"

ರಂಗಸ್ವಾಮಿ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವನು. ಸಾವಿರದ ದಂಡನ್ನು ಲಕ್ಷಕ್ಕೆ ಏರಿಸುವುದು ಅವನಿಗೆ ರೂಢಿ.

ಇಸವಿ ಐವತ್ತೊಂಬತ್ತರ ಪಕ್ಷದ ಹಬ್ಬ. ಹೆಂಡತಿ ಅನಸೂಯಮ್ಮನಿಗೆ ಇಡುವ ಮೊದಲ ಎಡೆ. ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಅತ್ತೆ ಚಿಕ್ಕಲಕ್ಷ್ಮಮ್ಮ, ಮಗಳು ಈಚೆಗೆ ಏನು ಇಷ್ಟಪಡುತ್ತಿದ್ದಳೆಂದು ಕೇಳಿದಾಗ ಅವನು ತಡವರಿಸಲಿಲ್ಲ. ಒಬ್ಬಟ್ಟು. ಕೂತರೆ ಹದಿನಾರು.

ಕೊನೆಯ ತಿಂಗಳುಗಳಲ್ಲಿ ಅವಳು ಗಂಜಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದು ಆರಿ ಕೆನೆಗಟ್ಟುವ ತನಕ ನೋಡುತ್ತ ಕೂರುತ್ತಿದ್ದಳು. ಯಾರಾದರೂ ಬಾಗಿಲು ತಟ್ಟಿದರೆ ಗಂಜಿ ತುಳುಕುತ್ತಿತ್ತು. "ಎದೆ ಒಡ್ಕಂತದೆ ಕಣ್ರೀ, ವಸಿ ಕೂತ್ಕಳ್ಳಿ" ಎನ್ನುತ್ತಿದ್ದಳು. ಅವನಿಗೆ ಸ್ಕೂಲಿಗೆ ಹೊತ್ತಾಗುತ್ತಿತ್ತು. ಭಾನುವಾರವೂ ಹೊತ್ತಾಗುತ್ತಿತ್ತು.

ಅವಳ ಕೋಣೆಯಲ್ಲೇ ಫೋಟೋ ಇಟ್ಟು, ಮುಂದೆ ಹೊಸ ಸೀರೆ ಮಡಿಸಿಟ್ಟು, ಎಲೆ ಹಾಕಿ ಹದಿನಾರು ಒಬ್ಬಟ್ಟು ಬಡಿಸಿದ್ದರು. ಸತ್ತವರು ಬಂದು ಉಣ್ಣುವುದನ್ನು ಯಾರೂ ನೋಡಬಾರದೆಂದು ಎಲ್ಲರೂ ಹೊರಬಂದಿದ್ದರು. ಕೊನೆಗೆ ಬಂದ ರಂಗಸ್ವಾಮಿ ಬಾಗಿಲೆಳೆದು, ಚಿಲಕ ಹಾಕಿ, ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿ, ಜಗುಲಿಗೆ ಬಂದು ರೈಲಿನ ಕತೆ ತೆಗೆದಿದ್ದ.

"ಚಿಲಕ ಯಾಕ್ ಆಕಿದ್ದೀರಿ ಅಳಿಯಂದ್ರೆ?" ನಡುಮನೆಯಿಂದ ಅತ್ತೆಯ ದನಿ. "ಅವ್ಳು ಬರೋದೆಂಗೆ?"

"ಅಭ್ಯಾಸ," ಎಂದುಬಿಟ್ಟ. ಅಂದ ಮೇಲೆ ಅವನಿಗೇ ಕೇಳಿಸಿತು.

ಒಳಗೆ ಹೋಗಿ ಬೆಕ್ಕಿನ ಕಾಟವೆಂದು ತಿದ್ದಿದ. ಮೂರು ನಾಯಿಗಳನ್ನು ಹೊಳೆಯಾಚೆಗೆ ಅಟ್ಟಿದ ಬೆಕ್ಕು.

ಅತ್ತೆ ಬೆಕ್ಕಿನ ಕತೆ ಕೇಳುತ್ತಿರಲಿಲ್ಲ. ಮನೆಯ ಮಿಕ್ಕ ಚಿಲಕಗಳಿಗೆ ತುಕ್ಕು ಹಿಡಿದಿತ್ತು. ಇದೊಂದು ಕೈಯಾಡಿ ಕೈಯಾಡಿ ಹೊಳೆಯುತ್ತಿತ್ತು.

"ನಾನು ಎರಡ್ ಸಲ ಬಂದಿದ್ನಲ್ಲ," ಎಂದಳು ನಿಧಾನವಾಗಿ. "ರಾಮನಾಥಪುರಕ್ಕೆ ನಾದಿನಿ ಮನೇಗೆ ಓಗವ್ಳೆ ಅಂದ್ರಿ."

ಜಗುಲಿಯಲ್ಲಿ ತಿಮ್ಮಪ್ಪ ಚಪ್ಪಲಿ ಹುಡುಕತೊಡಗಿದ.

ಎರಡು ಸಲವೂ ಅತ್ತೆಗೆ ಮಜ್ಜಿಗೆ ಕೊಟ್ಟು, ಅವನೇ ಬಸ್ಸು ಹತ್ತಿಸಿ ಬಂದಿದ್ದ. ಅಲ್ಲಿ ಕಾವೇರಿಯಲ್ಲಿ ದಿನಾ ಈಜುತ್ತಾಳೆ, ಮೀನಿಗೇ ಅಸೂಯೆ ಎಂದೂ ಸೇರಿಸಿದ್ದ. ತಾಯಿ ಖುಷಿಯಾಗಿ ಹೋಗಿದ್ದಳು.

"ಇಲ್ಲೇ ಇದ್ಲು," ಎಂದ ರಂಗಸ್ವಾಮಿ. "ಮೇಷ್ಟ್ರ ಹೆಂಡ್ತಿ ಹಿಂಗೆ ಅಂತ ಊರಿಗೆ ಗೊತ್ತಾಗೋದು ಬೇಡ ಅಂತ. ನಿಮ್ಮ ದನಿ ಕೇಳಿಸ್ಕೊಂಡ್ಲು. ತಟ್ಟಲಿಲ್ಲ."

ಅತ್ತೆ ಚಿಲಕದ ಮೇಲೆ ಬೆರಳಾಡಿಸಿದಳು.

"ರೈಲು ನಿಲ್ಸೋ ಅಂಗೆ ನಗ್ತಿದ್ದದ್ದು?"

"ನಾನು ನೋಡಿಲ್ಲ ಅತ್ತೆ."

ಉಣ್ಣುವ ಹೊತ್ತು ಮುಗಿದಿತ್ತು. ಇನ್ನು ಗಂಡನಾದವನು ಮೂರು ಸಲ ತಟ್ಟಿ, ಹೆಸರು ಹಿಡಿದು ಕರೆದು, ಬಾಗಿಲು ತೆರೆಯಬೇಕು. ಚಿಲಕ ತೆಗೆದ. ತಟ್ಟಲು ಕೈ ಎತ್ತಿದ.

ಬಾಗಿಲ ಕೆಳಗಿನ ಸಂದಿಯಿಂದ ಸಾಂಬ್ರಾಣಿಯ ಹೊಗೆ, ಹೊರಗೆ ಯಾರು ಬಂದಿದ್ದಾರೆಂದು ನೋಡುವಂತೆ, ಮೆಲ್ಲಗೆ ಇಣುಕಿ ಮತ್ತೆ ಒಳಗೆ ಸರಿಯಿತು.